ದುಗ್ಗಪ್ಪಣ್ಣನ ಕಡಲ ಮರ

ಕೊಡಿಯಾಲ್‌ಬೈಲಿನಲ್ಲಿ ಇನ್ನೂ ಭತ್ತದ ಗದ್ದೆಗಳಿದ್ದ ಕಾಲ. ನಮ್ಮ ನೆರೆಮನೆಯ ದುಗ್ಗಪ್ಪಣ್ಣ ಹಡಗಿನಲ್ಲಿ ಖಲಾಸಿಯಾಗಿದ್ದು, ಕೂದಲು ನರೆತ ಮೇಲೆ ಊರಿಗೆ ಬಂದರು. ಹಡಗಿಗೆ ಹೋದವರೆಲ್ಲ ಸರವೋ ಸೀರೆಯೋ ತರುತ್ತಾರೆ. ಇವರ ಪೆಟ್ಟಿಗೆಯಲ್ಲಿ ಇದ್ದದ್ದು ಒಣಗಿ ಕಪ್ಪಾಗಿ ಸುರುಟಿಕೊಂಡ ಒಂದು ಪಟ್ಟಿ, ಅದರ ಬುಡಕ್ಕೆ ಅಂಟಿದ ಒಂದು ಕಲ್ಲು.

“ಇದು ಕಡಲ ಮರ,” ಎಂದರು.

“ತೊಗಲು,” ಎಂದರು ಹೆಂಡತಿ ಕಿನ್ನಿಯಕ್ಕ. ದೈವಕ್ಕೆಂದು ಇಟ್ಟ ಮಂಚವಿರುವ ಮನೆಯೊಳಗೆ ತೊಗಲಿಗೆ ಜಾಗವಿಲ್ಲವೆಂದು ಅದನ್ನು ದನದ ಹಟ್ಟಿಯ ಜಂತಿಗೆ ನೇತುಹಾಕಿದರು.

ಸಂಜೆ ಜಗಲಿಯಲ್ಲಿ ದುಗ್ಗಪ್ಪಣ್ಣ ಕಣ್ಣು ಅರೆಮುಚ್ಚಿ ಸುರು ಮಾಡುವರು: “ಸ್ಕಾಟ್ಲೆಂಡಿನ ಕಡಲ ಬಂಡೆಗಳ ಮೇಲೆ ಒಂದು ಕಾಡು ಉಂಟು ಮಾರಾಯ. ನೀರು ಇಳಿದಾಗ ಕಾಡಿಗೆ ಕಾಡೇ ಮಲಗ್ತದೆ. ಏರಿದಾಗ ಎದ್ದು ತೂಗ್ತದೆ. ಒಂದೇ ದಂಟು, ಒಂದೇ ಕಂದು ಎಲೆ, ಅಂಗೈಯ ಹಾಗೆ ಬೆರಳು ಬೆರಳಾಗಿ ಸೀಳಿರ್ತದೆ. ಅದೇ ಗುರುತು. ಇದೂ ಪಾಚಿಯ ಜಾತಿಯೇ, ಆದರೆ ನಮ್ಮ ಸುರತ್ಕಲ್ ಬಂಡೆಯ ಕಂದು ಪಾಚಿಗೆ ಮಣಿಯಂಥ ಗುಳ್ಳೆ ಉಂಟು, ಇದಕ್ಕಿಲ್ಲ. ಇದರ ಬೇರು ನೀರು ಕುಡಿಯಲಿಕ್ಕಲ್ಲ, ಕಲ್ಲನ್ನು ಹಿಡಿಯಲಿಕ್ಕೆ ಮಾತ್ರ.”

ಊರು ಅವರಿಗೆ ‘ಬುರುಡೆ ದುಗ್ಗಪ್ಪ’ ಎಂದು ಹೆಸರಿಟ್ಟಿತು. ಊರ ಬಾಯಿಗೆ ಮುಚ್ಚಳ ಉಂಟೇ? ಅವರಿಗೆ ಅದರ ಬೇಸರವಿರಲಿಲ್ಲ. ಕಿನ್ನಿಯಕ್ಕ ಒಬ್ಬರು ನಂಬಿದ್ದರೆ ಸಾಕಿತ್ತು. ಕಿನ್ನಿಯಕ್ಕನೋ, ಕಥೆ ಸುರುವಾದೊಡನೆ ಎದ್ದು ಒಳಗೆ ಹೋಗುವರು. ಅಷ್ಟು ವರ್ಷ ಒಬ್ಬರೇ ಗದ್ದೆ ಮಾಡಿದವರಿಗೆ ಗಂಡನ ಕಾಡು ಕಟ್ಟಿಕೊಂಡು ಏನಾಗಬೇಕು!

ಮಳೆ ಹೊಯ್ಯುವ ಆಟಿ ತಿಂಗಳ ಒಂದು ಬೆಳಿಗ್ಗೆ ಕರುವಿನ ಹಗ್ಗ ತುಂಡಾಯಿತು. ತೊಗಲು ನೆನೆದು ಮೆತ್ತಗಾದರೆ ಹಗ್ಗದ ಬದಲಿಗೆ ಆದೀತೆಂದು ಕಿನ್ನಿಯಕ್ಕ ಆ ಪಟ್ಟಿಯನ್ನು ಹಟ್ಟಿಯ ಕಲ್ಲಿನ ನೀರಿನ ಬಾನಿಯೊಳಗೆ ಹಾಕಿದರು. ಮಧ್ಯಾಹ್ನ ಅವರ ಕೂಗು ಕೇಳಿ ನಾವೂ ಓಡಿದೆವು. ಬಾನಿಯ ತುಂಬ ಒಂದು ಕಂದು ಎಲೆ! ಬೆರಳುಗಳನ್ನು ಬಿಡಿಸಿಕೊಂಡು ನೀರಲ್ಲಿ ಮೆಲ್ಲ ತೂಗುತ್ತಿತ್ತು. ಹಟ್ಟಿಯೆಲ್ಲ ಕಡಲ ವಾಸನೆ. ಬುಡದ ಬೇರು ಕಲ್ಲನ್ನು ಇನ್ನೂ ಬಿಟ್ಟಿರಲಿಲ್ಲ.

ಕಿನ್ನಿಯಕ್ಕ ಬಹಳ ಹೊತ್ತು ನೋಡಿ ಗಂಡನ ಕಡೆ ತಿರುಗಿದರು.

“ಅಲ್ಲಿ ತುಂಬಾ ಚಳಿ ಇತ್ತಾ ನಿಮಗೆ?”

ಅವರು ಊರಿಗೆ ಬಂದಂದಿನಿಂದ ಆಕೆ ಇಂಥದ್ದೊಂದು ಕೇಳಿದ್ದೇ ಇಲ್ಲ. ದುಗ್ಗಪ್ಪಣ್ಣ ಕಣ್ಣು ತುಂಬಿ ಹೌದೆಂದು ತಲೆಯಾಡಿಸಿದರು.

ಅಷ್ಟರಲ್ಲಿ ಕರು ನೀರು ಕುಡಿಯಲು ಬಾನಿಗೆ ಮೂತಿ ಹಾಕಿತು. ಕಿನ್ನಿಯಕ್ಕ ಅದನ್ನು ಹಿಂದಕ್ಕೆ ತಳ್ಳಿದರು.

“ಆಚೆ ಹೋಗು. ಇವರ ಮರ ಉಂಟು ಇಲ್ಲಿ.”