ಅಕ್ಕ ಹೇಳಬೇಕಿದ್ದ ಮಾತು

ನಮ್ಮಕ್ಕನಿಗೆ ಬೀದಿಯವರು ಇಟ್ಟ ಹೆಸರು ರೇಡಿಯೋ. ಲಾಂಡ್ರಿಯಲ್ಲಿ ಇಪ್ಪತ್ತಾರು ವರ್ಷ ನಿಂತೇ ಇಸ್ತ್ರಿ ಮಾಡಿದವಳು. ಕೈ ಅಂಗಿಯ ಮೇಲೆ, ಬಾಯಿ ಫುಟ್‌ಬಾಲ್ ಮೇಲೆ. ಪಕ್ಕದ ಮಳಿಗೆಯಲ್ಲೇ ನನ್ನ ಕಟಿಂಗ್ ಶಾಪು. ನಡುವಿನ ಗೋಡೆ ತೆಳ್ಳಗೆ. ನಾನು ಗಿರಾಕಿಯ ಕೆನ್ನೆಗೆ ನೊರೆ ಹಚ್ಚಿ ಕತ್ತಿ ಇಡುವ ಹೊತ್ತಿಗೆ ಆ ಕಡೆಯಿಂದ, "ಆ ಗೋಲ್‌ಕೀಪರ್‌ಗೆ ಕಣ್ಣು ಕಾಣ್ಸಲ್ವಾ?" ಎಂದು ಕೂಗು ಬರುತ್ತಿತ್ತು. ಗಿರಾಕಿ ಬೆಚ್ಚಿ ಕತ್ತು ತಿರುಗಿಸಿದರೆ ನನ್ನ ಕಥೆ ಮುಗಿದಂತೆಯೇ.

ಮಧ್ಯಾಹ್ನ ಊಟದ ಡಬ್ಬಿ ಹಿಡಿದು ಅವಳು ನನ್ನ ಅಂಗಡಿಗೆ ಬರುತ್ತಿದ್ದಳು. ಅಷ್ಟು ಹೊತ್ತಿಗೆ ಪೋಸ್ಟ್‌ಮ್ಯಾನ್ ಕೂಡ ಬೀದಿಯ ಕಾಗದವೆಲ್ಲ ಹಂಚಿ ಬಂದು ಬೆಂಚಿನ ಮೇಲೆ ಕಾಲು ಚಾಚುತ್ತಿದ್ದ. ಪಂದ್ಯಗಳ ಕಾಲ ಮುಗಿದು ಬೇಸಿಗೆ ಬಂತೆಂದರೆ ನಮ್ಮ ಮೂವರ ನಿಜವಾದ ಆಟ ಶುರು: ಕ್ಲಬ್ಬಿಗೆ ಯಾರು ಬರುತ್ತಾರೆ, ಯಾರು ಹೋಗುತ್ತಾರೆ. ಪತ್ರಿಕೆ ಇಪ್ಪತ್ತು ಹೆಸರು ಬರೆಯುತ್ತಿತ್ತು, ಬರುತ್ತಿದ್ದವರು ಇಬ್ಬರು. ಕ್ಲಬ್ಬಿನವರು ನಮ್ಮನ್ನು ಯಾವತ್ತೂ ಕೇಳಿದ್ದಿಲ್ಲ. ಆದರೂ ನಾವು ಸಹಿ ಹಾಕದಿದ್ದರೆ ಕೆಲಸ ನಿಂತುಹೋಗುತ್ತದೆ ಎನ್ನುವ ಹಾಗೆ ಕಿತ್ತಾಡುತ್ತಿದ್ದೆವು.

ಅಕ್ಕನ ಮಾತಿಗೆ ತೂಕವಿತ್ತು. ಹಿಂದೊಮ್ಮೆ ಕ್ಲಬ್ಬು ಒಬ್ಬ ಸಣಕಲು ಹುಡುಗನನ್ನು ಹಿಂದಿನ ಸಾಲಿಗೆ ತಂದಿತ್ತು. ನಾವು ಅವನಿಗೆ ಕಡ್ಡಿ ಎಂದು ಹೆಸರಿಟ್ಟು ನಗುತ್ತಿದ್ದೆವು. ಅಕ್ಕ ಒಬ್ಬಳೇ, "ನಗಬೇಡ್ರೋ. ಮಿಕ್ಕವರು ಬಾಲ್ ನೋಡ್ತಾರೆ, ಇವನು ತನ್ನ ಬೆನ್ನ ಹಿಂದೆ ಯಾರಿದಾರೆ ಅಂತ ನೋಡ್ತಾನೆ. ನಾಲ್ಕು ವರ್ಷದಲ್ಲಿ ಇವನೇ ಕ್ಯಾಪ್ಟನ್" ಎಂದಿದ್ದಳು. ಮೂರನೇ ವರ್ಷಕ್ಕೇ ಆದ. ಅಂದಿನಿಂದ ಪೋಸ್ಟ್‌ಮ್ಯಾನ್, ಅಕ್ಕ ಬಾಯಿ ಬಿಡುವ ತನಕ ತನ್ನ ಅಭಿಪ್ರಾಯವನ್ನು ಚೀಲದಲ್ಲೇ ಇಟ್ಟುಕೊಳ್ಳುತ್ತಿದ್ದ.

ಹೋದ ಬೇಸಿಗೆಯ ಮಾತು. ನಮ್ಮ ಕ್ಲಬ್ಬು ಒಂದೇ ಒಂದು ಅಂಕದಿಂದ ಕೆಳಗಿನ ದರ್ಜೆಗೆ ಬೀಳುವುದು ತಪ್ಪಿತ್ತು. ಕಡ್ಡಿಯನ್ನು ಮಾರಿ ಆ ದುಡ್ಡಿನಲ್ಲಿ ಗೂಳಿಯನ್ನು ತರುತ್ತಾರಂತೆ ಎಂದು ಪತ್ರಿಕೆಯಲ್ಲಿ ಬಂತು. ಗೂಳಿ ಎಂದರೆ ಮೂವತ್ತೆರಡು ದಾಟಿದ ಫಾರ್ವರ್ಡ್. ನುಗ್ಗಿದರೆ ಗೋಲು, ಇಲ್ಲದಿದ್ದರೆ ಮಂಡಿ ಹಿಡಿದು ಕೂರುವವನು.

"ಏನಂತೀಯಕ್ಕ?" ಎಂದ ಪೋಸ್ಟ್‌ಮ್ಯಾನ್.

ಅಕ್ಕ ಡಬ್ಬಿಯ ಮುಚ್ಚಳ ಒತ್ತುತ್ತ ಎದ್ದಳು. "ಹೋಟೆಲಿನ ಬೆಡ್‌ಶೀಟು ರಾಶಿ ಬಿದ್ದಿದೆ. ಇದು ಒಂದು ಮಾತಲ್ಲಿ ಮುಗಿಯೋದಲ್ಲ. ನೀವಿಬ್ರೂ ಅಂದ್ಕೊಂಡ ಹಾಗಿಲ್ಲ ಇದು. ನಾಳೆ ಹೇಳ್ತೀನಿ."

ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ಗೋಡೆಯಾಚೆಯಿಂದ ಬಟ್ಟೆ ಸುಟ್ಟ ವಾಸನೆ ಬಂತು. ಓಡಿದೆ. ಇಸ್ತ್ರಿ ಪೆಟ್ಟಿಗೆ ಯಾರದೋ ಬಿಳಿ ಅಂಗಿಯ ಮೇಲೆ ಹೊಗೆಯಾಡುತ್ತಿತ್ತು. ಅಕ್ಕ ಮೇಜಿನ ಕಾಲಿಗೆ ಒರಗಿ ಕೂತಿದ್ದಳು. ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು. ನನ್ನನ್ನು ನೋಡಿ ಏನೋ ಹೇಳಲು ಹೊರಟಳು. "ಗುಂಡಿ" ಎಂದಳು.

ಲಕ್ವ. ಬಲಗೈ, ಬಲಗಾಲು, ಜೊತೆಗೆ ಮಾತು. ಆಸ್ಪತ್ರೆಯ ಡಾಕ್ಟರಮ್ಮ ನಮ್ಮನ್ನು ಪಕ್ಕಕ್ಕೆ ಕರೆದು, "ನೀವು ಹೇಳೋದು ಅವರಿಗೆ ಹೆಚ್ಚುಕಮ್ಮಿ ತಿಳಿಯುತ್ತೆ. ಮನಸ್ಸಲ್ಲಿ ವಿಚಾರನೂ ಇದೆ. ಆದರೆ ಪದ ಸಿಗಲ್ಲ. ತಲೆ ಅಲ್ಲಾಡಿಸಿದರೂ ಅದನ್ನ ಪೂರ್ತಿ ನಂಬಬೇಡಿ. ಹೂಂ ಅನ್ನೋದಕ್ಕೆ ಹೋಗಿ ಊಹೂಂ ಅಂದುಬಿಡ್ತಾರೆ" ಎಂದರು.

"ಸರಿಹೋಗುತ್ತಾ?" ಎಂದು ಭಾವ ಕೇಳಿದರು.

"ಸ್ವಲ್ಪ ಬರಬಹುದು. ಎಷ್ಟು ಅಂತ ಹೇಳಕ್ಕಾಗಲ್ಲ."

ಮನೆಗೆ ಬಂದಾಗ ಅವಳ ಬಳಿ ಉಳಿದಿದ್ದದ್ದು ಆ ಒಂದೇ ಪದ. ನೀರು ಬೇಕೆಂದರೂ ಗುಂಡಿ, ದಿಂಬು ಸರಿಮಾಡೆಂದರೂ ಗುಂಡಿ. ವರ್ಷಗಟ್ಟಲೆ ಅಂಗಿಗಳ ಗುಂಡಿ ಹೊಲಿದವಳಿಗೆ ಅದೊಂದು ನಾಲಿಗೆಗೆ ಅಂಟಿಕೊಂಡಿತ್ತೋ ಏನೋ. ಭಾವ ಮನೆಗಳಿಗೆ ಬಣ್ಣ ಬಳಿಯುವ ಕೆಲಸದವರು, ಮಾತು ಕಮ್ಮಿ. ಮನೆಯಲ್ಲಿ ಮಾತಿನ ಕೆಲಸವನ್ನೆಲ್ಲ ಅಕ್ಕನಿಗೇ ಬಿಟ್ಟುಕೊಟ್ಟಿದ್ದವರು. ಈಗ ಇಬ್ಬರೂ ಸುಮ್ಮನೆ ಕೂತಿರುತ್ತಿದ್ದರು.

ಅದನ್ನು ನೋಡಲಾರದೆ ನಾನೂ ಪೋಸ್ಟ್‌ಮ್ಯಾನೂ ಮಧ್ಯಾಹ್ನದ ಚರ್ಚೆಯನ್ನು ಅವಳ ಮಂಚದ ಪಕ್ಕಕ್ಕೇ ತಂದೆವು. ಅವನು ಪತ್ರಿಕೆ ಬಿಚ್ಚಿ ಓದಿದ. ಗೂಳಿಯ ಹೆಸರು ಬಂದದ್ದೇ ತಡ, ಅಕ್ಕ ಎಡಗೈಯಿಂದ ಮಂಚ ಗುದ್ದಿದಳು.

"ಗುಂಡಿ! ಗುಂಡಿ, ಗುಂಡಿ!"

"ನೋಡಿದ್ಯಾ? ಗೂಳೀನ ತಂದ್ರೆ ಕ್ಲಬ್ಬು ಗುಂಡಿಗೆ ಬೀಳುತ್ತೆ ಅಂತಿದಾಳೆ" ಎಂದ ಪೋಸ್ಟ್‌ಮ್ಯಾನ್.

ನಾನು ನಕ್ಕೆ. ಅಕ್ಕನೂ ನಕ್ಕಳು. ಹಾಗೇ ನಗುತ್ತ ನಗುತ್ತ ಅವಳ ಕಣ್ಣಲ್ಲಿ ನೀರು ಬಂತು, ಗೋಡೆ ಕಡೆ ತಿರುಗಿಬಿಟ್ಟಳು. ಪೋಸ್ಟ್‌ಮ್ಯಾನ್ ಪತ್ರಿಕೆ ಮಡಚಿಟ್ಟ.

ಮರುದಿನ ಭಾವ ಒಂದು ಹಲಗೆ ತಂದರು. ಹಳೆಯ ಪತ್ರಿಕೆಗಳಿಂದ ಆಟಗಾರರ ಚಿತ್ರ ಕತ್ತರಿಸಿ ಒಂದೊಂದನ್ನೂ ರಟ್ಟಿಗೆ ಅಂಟಿಸಿ ಜೋಡಿಸಿದ್ದರು. ಮದುವೆಯಾದಾಗಿನಿಂದ, ಟಿವಿಯಲ್ಲಿ ಪಂದ್ಯ ಬಂದಾಗಲೆಲ್ಲ, "ನಮ್ಮೋರು ಯಾವ ಕಡೆ?" ಎಂದು ಕೇಳಿ ಬೈಸಿಕೊಂಡ ಮನುಷ್ಯ ಅದು. ಹಲಗೆಯ ಮೇಲೆ ಒಬ್ಬ ರೆಫರಿಯೂ, ಒಬ್ಬ ಟೂತ್‌ಪೇಸ್ಟ್ ಜಾಹೀರಾತಿನವನೂ ಸೇರಿಕೊಂಡಿದ್ದರು.

"ಯಾರು ಬೇಕು ತೋರ್ಸೆ. ನಿಧಾನಕ್ಕೆ ತೋರ್ಸು" ಎಂದರು.

ಅಕ್ಕ ಟೂತ್‌ಪೇಸ್ಟಿನವನನ್ನು ಎತ್ತಿ ಗಂಡನ ಮುಖಕ್ಕೆ ಹಿಡಿದಳು. ಅಷ್ಟು ಮಟ್ಟಿಗೆ ಅವಳು ಅವಳಾಗಿಯೇ ಇದ್ದಳು. ಆಮೇಲೆ ಗೂಳಿಯನ್ನು ನೆಲಕ್ಕೆ ತಳ್ಳಿದಳು. ಕಡ್ಡಿಯ ಚಿತ್ರವನ್ನು ಎತ್ತಿ ಭಾವನ ಕೈಗಿತ್ತಳು.

"ಇವನನ್ನ ಇಟ್ಕೊಳ್ಳಿ ಅಂತ" ಎಂದೆ ನಾನು.

"ಕೊಟ್ಬಿಡಿ ಅಂತ. ಕೈಗೆ ಕೊಟ್ಲಲ್ಲ" ಎಂದ ಪೋಸ್ಟ್‌ಮ್ಯಾನ್.

"ಇಟ್ಕೋಬೇಕಾ ಅಕ್ಕ?" ತಲೆ ಆಡಿಸಿದಳು. "ಮಾರ್ಬೇಕಾ?" ಅದಕ್ಕೂ ಆಡಿಸಿದಳು. ನಾವು ಇನ್ನೊಮ್ಮೆ ಕೇಳಿದೆವು, ಮತ್ತೊಮ್ಮೆ ಕೇಳಿದೆವು. ಅವಳು ನೆಲದ ಮೇಲಿದ್ದ ಗೂಳಿಯ ಕಡೆ ಬೆರಳು ತೋರಿಸಿದಳು. ಭಾವ ಎತ್ತಿಕೊಟ್ಟರೆ ಅದನ್ನೇ ಎದೆಗೆ ಒತ್ತಿಕೊಂಡು ಕಣ್ಣು ಮುಚ್ಚಿದಳು. ಬೇಕೆಂದೋ, ಸಾಕೆಂದೋ! ಹಣೆಯೆಲ್ಲ ಬೆವರಿತ್ತು. ಭಾವ ಹಲಗೆಯನ್ನು ಮಂಚದ ಕೆಳಗೆ ಸರಿಸಿ, "ಇವತ್ತಿಗೆ ಬಿಡ್ರಪ್ಪ, ಸುಸ್ತಾಗಿದಾಳೆ" ಎಂದರು.

ಸುಮ್ಮನಿರಲಾಗದೆ ಪೋಸ್ಟ್‌ಮ್ಯಾನ್ ಕ್ಲಬ್ಬಿಗೆ ಒಂದು ಕಾಗದ ಬರೆದ. ಮೂವತ್ತು ವರ್ಷದ ಅಭಿಮಾನಿಯೊಬ್ಬಳು ಹಾಸಿಗೆ ಹಿಡಿದಿದ್ದಾಳೆ, ಕ್ಯಾಪ್ಟನ್ನನ್ನು ಮಾರುವ ಮುಂಚೆ ದಯವಿಟ್ಟು ಯೋಚಿಸಿ ಎಂದು. ಅದು ಅಕ್ಕನ ಮನಸ್ಸಲ್ಲಿದ್ದ ಮಾತು ಹೌದೋ ಅಲ್ಲವೋ ಎನ್ನುವುದು ನಮಗಿಬ್ಬರಿಗೂ ಗೊತ್ತಿರಲಿಲ್ಲ. ಓದಿ ಹೇಳಿ ಸಹಿಗೆಂದು ಪೆನ್ನು ಕೊಟ್ಟಾಗ ಅವಳು ಅದನ್ನು ತಳ್ಳಿದಳು, ಆಮೇಲೆ ತಾನೇ ತೆಗೆದುಕೊಂಡು ಎಡಗೈಯಲ್ಲಿ ಒಂದು ಗೆರೆ ಎಳೆದಳು. ಉತ್ತರ ಬಂತು. ಪೋಸ್ಟ್‌ಮ್ಯಾನೇ ತಂದುಕೊಟ್ಟ. "ನಿಮ್ಮ ಬೆಂಬಲಕ್ಕೆ ಧನ್ಯವಾದ" ಎಂದು ಎಲ್ಲರಿಗೂ ಕಳಿಸುವ ಅಚ್ಚಾದ ಕಾರ್ಡು.

ಆಟಗಾರರ ಖರೀದಿಯ ಗಡುವು ಮುಗಿಯುವ ದಿನ ಸಂಜೆ ಐದಕ್ಕೆ ಸುದ್ದಿ ಬಂತು. ಕಡ್ಡಿ ಹೋದ, ಗೂಳಿ ಬಂದ. ಪೋಸ್ಟ್‌ಮ್ಯಾನ್ ಅದನ್ನು ಸಾವಿನ ಸುದ್ದಿ ಓದಿದಂತೆ ಓದಿದ. ಅಕ್ಕ ಕೇಳಿಸಿಕೊಂಡಳು. ಎಡಗೈಯಿಂದ ಹೊದಿಕೆಯ ಅಂಚಿನ ಸುಕ್ಕನ್ನು ಒತ್ತಿ ಒತ್ತಿ ನೇರಮಾಡುತ್ತಿದ್ದಳು.

ಚಳಿಗಾಲದ ಹೊತ್ತಿಗೆ ನಾಲ್ಕೈದು ಪದ ಬಂದವು. "ನೀರು", "ಬೇಡ", "ತಮ್ಮ". ಒಂದು ದಿನ ಧೈರ್ಯ ಮಾಡಿ ಕೇಳಿಯೇಬಿಟ್ಟೆ: "ಅಕ್ಕಾ, ಅವತ್ತು ನಾಳೆ ಹೇಳ್ತೀನಿ ಅಂದ್ಯಲ್ಲ. ಕಡ್ಡೀನ ಮಾರಿದ್ದು ಬೇಡ ಅಂತ ತಾನೆ?"

"ಬೇಡ" ಎಂದಳು.

ನನ್ನ ಎದೆ ಹಗುರವಾಯಿತು. ಅಷ್ಟರಲ್ಲಿ ಭಾವ ಗಂಜಿ ತಂದರು. "ಬೇಡ" ಎಂದಳು, ಬಟ್ಟಲು ಖಾಲಿಯಾಗುವ ತನಕ ಕುಡಿದಳು.

ಈಗ ಭಾವ ಕೆಲಸ ಮುಗಿಸಿ, ಬಣ್ಣ ಮೆತ್ತಿದ ಕೈಯಲ್ಲೇ ನನ್ನ ಅಂಗಡಿಗೆ ಬರುತ್ತಾರೆ. "ಮುಂದಿನ ಸಲ ಯಾರ್ಯಾರು ಬರ್ತಾರಂತಪ್ಪ?" ಎಂದು ಕೇಳಿ, ನಾವು ಹೇಳಿದ್ದನ್ನು ಬೆರಳಲ್ಲಿ ಎಣಿಸಿಕೊಳ್ಳುತ್ತ ಮನೆಗೆ ಹೋಗುತ್ತಾರೆ. ದಾರಿಯಲ್ಲಿ ಅರ್ಧ ಮರೆಯುತ್ತಾರೆ, ಉಳಿದರ್ಧವನ್ನು ಕಲಸುತ್ತಾರೆ. ಗೋಲ್‌ಕೀಪರನ್ನು ಫಾರ್ವರ್ಡ್ ಮಾಡಿ ಹೇಳಿದ ದಿನ ಅಕ್ಕ ಅವರ ತೋಳಿಗೆ ಫಟ್ಟನೆ ಬಾರಿಸಿದಳಂತೆ. ಸರಿಪಡಿಸಿ ಹೇಳಲು ಬಾಯಿ ತೆರೆದಳಂತೆ. ಭಾವ ಹೊತ್ತು ಮುಳುಗುವ ತನಕ ಕಾದರಂತೆ.