ಸನ್ನಿವೇಲ್‌ಗೆ ಬಂದ ಸ್ವಿದಿನಪ್ಪ

ಪಕ್ಕದ ಮನೆಯ ಇಂಗ್ಲೆಂಡ್ ಅಜ್ಜಿ ನಮ್ಮ ರೊಟ್ಟಿ ಹೆಂಚನ್ನು ತಲೆಯ ಮೇಲೆ ಹೊತ್ತು ನಿಂತಿದ್ದರು. ಹೆಂಚಿನ ಮೇಲೆ ಮಳೆ ಕರೆಯುವ ಮಣ್ಣಿನ ಗೊಂಬೆ, ಗುರ್ಜಿ. ಧಾರವಾಡದಿಂದ ಬಂದಿದ್ದ ನಮ್ಮತ್ತೆ ಅದಕ್ಕೆ ತಂಬಿಗೆಯಿಂದ ನೀರು ಸುರಿಯುತ್ತಿದ್ದರು.

ಅಂದು ಜುಲೈಯಲ್ಲಿ ಬರುವ ಸಂತ ಸ್ವಿದಿನ್‌ನ ಹಬ್ಬ. ಇಂಗ್ಲೆಂಡಿನ ಎಷ್ಟೋ ಚರ್ಚುಗಳಿಗೆ, ಅಜ್ಜಿಯ ಮದುವೆಯಾದ ಚರ್ಚಿಗೂ, ಅವನದೇ ಹೆಸರಂತೆ. ಅವನ ಹಬ್ಬಕ್ಕೆ ಹನಿ ಬಿದ್ದರೆ ಅಲ್ಲಿ ವಾರಗಟ್ಟಲೆ ಮಳೆಯಂತೆ. “ಈ ಸನ್ನಿವೇಲ್‌ನಲ್ಲಿ ಬರೀ ಬಿಸಿಲು” ಎಂದು ಅಜ್ಜಿ ಬೆಳಿಗ್ಗೆ ಪೇಚಾಡಿದ್ದನ್ನು ನಾನು ಅತ್ತೆಗೆ ಹೇಳಿದ್ದೆ.

“ಕರೀದ ಹ್ಯಾಂಗ ಬಂದಾನು?” ಎಂದು ಅತ್ತೆ ಮಣ್ಣು ಕಲಸಿದ್ದರು.

ತಂಬಿಗೆ ಖಾಲಿಯಾಗುತ್ತಿದ್ದಂತೆ ಹಿತ್ತಲಿನ ಸ್ಪ್ರಿಂಕ್ಲರ್ ತಾನಾಗಿ ಚಿಮ್ಮಿತು. ಮೂವರೂ ತೊಯ್ದು ತೊಪ್ಪೆ. “ಬಂದ ನೋಡು, ಸ್ವಿದಿನಪ್ಪ!” ಎಂದು ಅತ್ತೆ ಕೈಮುಗಿದರು.

ಮಳೆ ಮಾತ್ರ ಬರಲಿಲ್ಲ. ಅತ್ತೆ ಊರಿಗೆ ಮರಳಿದರು. ಹೆಂಚು ವಾಪಸ್ ಕೇಳಿದರೆ ಅಜ್ಜಿ ಕೊಡಲೊಲ್ಲರು. ಮುಂದಿನ ಜುಲೈಗೆ ಬೇಕಂತೆ.