ಮುನಿಯಪ್ಪನವರ ಬಾವಿ ನೀರು

ತಳ್ಳುಗಾಡಿಯವನಿಂದ ಕೊಂಡ ಅವರೆಕಾಯಿಯನ್ನು ಮೊರಕ್ಕೆ ಸುರಿದುಕೊಂಡು ಕೂತಿದ್ದೇನೆ. ಈಗಿನ ಕಾಯಿಗೆ ಸೊಗಡೇ ಇಲ್ಲ ಎಂದು ಪ್ರತಿ ಚಳಿಗಾಲವೂ ಗೊಣಗುವುದು ನನ್ನ ಅಭ್ಯಾಸ. ಇವತ್ತು ಗೊಣಗುವ ಹಾಗಿಲ್ಲ. ನಾಲ್ಕು ಕಾಯಿ ಬಿಡಿಸುವಷ್ಟರಲ್ಲಿ ಬೆರಳಿಗೆಲ್ಲ ಜಿಡ್ಡು ಹತ್ತಿತು. ಅದರ ವಾಸನೆ ನನ್ನನ್ನು ಅರವತ್ತು ವರ್ಷ ಹಿಂದಕ್ಕೆ ಒಯ್ದು ನಮ್ಮ ತಾತನ ಬೆನ್ನ ಹಿಂದೆ ನಿಲ್ಲಿಸಿತು. ತಾತ ಎಂದರೆ ನನಗೆ ಮೊದಲು ನೆನಪಾಗುವುದು ಮುಖವಲ್ಲ, ಮುಂದೆ ಮುಂದೆ ಹೋಗುತ್ತಿದ್ದ ಖಾಕಿ ಕೋಟಿನ ಬೆನ್ನು.

ನಮ್ಮ ಮನೆ ಆಗ ಬಸವನಗುಡಿಯಲ್ಲಿತ್ತು. ತಾತ ಸರ್ವೆ ಕೆಲಸದಲ್ಲಿದ್ದು ನಿವೃತ್ತರಾದವರು. ಜೀವಮಾನವೆಲ್ಲ ಸರಪಳಿ ಹಿಡಿದು ನೆಲ ಅಳೆದ ಕಾಲುಗಳು ಮನೆಯಲ್ಲಿ ಹೇಗೆ ಸುಮ್ಮನಿದ್ದಾವು? ಚಳಿಗಾಲದ ಭಾನುವಾರ ಬಂತೆಂದರೆ ಬೀದಿಯ ಇನ್ನಿಬ್ಬರು ತಾತಂದಿರನ್ನು ಜೊತೆಗೆ ಹಾಕಿಕೊಂಡು, ಮೂರೂ ಮನೆಯ ಮೊಮ್ಮಕ್ಕಳನ್ನು ಕಲೆಹಾಕಿ, ದಕ್ಷಿಣಕ್ಕೆ ಹೊರಟುಬಿಡುವರು. ನಾವು ಒಂಬತ್ತು ಮಕ್ಕಳು. ಯಡಿಯೂರು ಕೆರೆ ದಾಟಿದರೆ ಊರು ಮುಗಿಯಿತು. ಆಮೇಲೆ ರಾಗಿ ಹೊಲ, ಬಂಡೆ, ಹೊಂಗೆ ಮರ, ಸಾರಕ್ಕಿ ಕೆರೆಯ ಕಡೆ ಹೋಗುವ ಗಾಡಿ ದಾರಿ. ಎದುರಾದ ಗಿಡದ ಹೆಸರು ಹೇಳದೆ ಮುಂದೆ ಹೋಗಬಾರದೆಂಬುದು ತಾತನ ಕಾನೂನು. ನಾನು ಎಲ್ಲಕ್ಕೂ ‘ಹೊಂಗೆ’ ಎನ್ನುತ್ತಿದ್ದೆ. ಮೂರಕ್ಕೊಂದು ಸರಿಯಾಗಿರುತ್ತಿತ್ತು.

ನನಗೆ ಎಂಟು ವರ್ಷ. ಆ ಭಾನುವಾರ ನೀರಿನ ಕೂಜಾ ನಾನೇ ಹೊರುತ್ತೇನೆಂದು ಹಟ ಹಿಡಿದೆ. ಹೊಲದ ಬದುವಿನ ಮೇಲೆ ಆಕಾಶ ನೋಡುತ್ತ ನಡೆದು, ಮುಗ್ಗರಿಸಿ, ಕೂಜಾ ಸಮೇತ ಕೆಳಗೆ ಉರುಳಿದೆ. ಮೊಣಕಾಲು ತರಚಿದ್ದಕ್ಕಿಂತ ಎಂಟು ಮಕ್ಕಳು ಒಟ್ಟಿಗೆ ‘ಅಯ್ಯೋ ನೀರು!’ ಎಂದು ಕಿರುಚಿದ್ದೇ ಹೆಚ್ಚು ನೋಯಿತು. ಬಿಸಿಲೇರಿತ್ತು. ಸ್ವಲ್ಪ ದೂರದಲ್ಲಿ ಬಾವಿಯೊಂದು ಕಂಡಿತು. ಪಕ್ಕದಲ್ಲಿ ತಲೆಗೆ ಟವೆಲ್ ಸುತ್ತಿದ ಒಬ್ಬರು ಅವರೆಕಾಯಿ ಕೀಳುತ್ತಿದ್ದರು. ತಾತ ಅತ್ತ ಹೋಗಲು ಯಾಕೋ ಹಿಂದೆಮುಂದೆ ನೋಡಿದರು. ಮಕ್ಕಳ ಮುಖ ನೋಡಿ ಕೊನೆಗೆ ಹೊರಟರು.

ಆ ರೈತರೇ ಮೊದಲು ಮಾತಾಡಿಸಿದರು. “ಏನ್ ಸ್ವಾಮಿ, ಇವತ್ತು ಸರಪಳಿ ಬಿಟ್ಟು ಮಕ್ಳನ್ನ ಕರ್ಕೊಂಡ್ ಬಂದಿದ್ದೀರಿ?”

“ಮುನಿಯಪ್ಪ ಅಲ್ವೇ?” ಎಂದರು ತಾತ. ಹೆಸರು ಮರೆತಿರಲಿಲ್ಲ. “ಈಗ ರಿಟೈರ್ ಆದೆ. ಮಕ್ಕಳಿಗೆ ಬಾಯಾರಿದೆ.”

ಮುನಿಯಪ್ಪ ಬಿಂದಿಗೆ ಇಳಿಬಿಟ್ಟು ನೀರು ಸೇದಿದರು. ನಾವು ಸಾಲಾಗಿ ಕೂತು ಬೊಗಸೆ ಒಡ್ಡಿದೆವು. ನೀರು ಹುಯ್ಯುತ್ತಲೇ, ತಾತನ ಕಡೆ ನೋಡದೆ, ಅವರು ಕೇಳಿದರು:

“ಒಂದ್ ಮಾತು ಕೇಳ್ತೀನಿ ಸ್ವಾಮಿ. ನೀವ್ ಅಳ್ದಂಗೆ ಇಲ್ಲಿ ಬಡಾವಣೆ ಆಯ್ತದಲ್ಲ, ಈ ಬಾವಿ ಎಲ್ಲಿಗ್ ಬತ್ತದೆ? ಯಾರದಾನ ಮನೆಯೊಳಕ್ಕೆ ಬಂದ್ರೆ ಅವ್ರಾದ್ರೂ ಸೇದ್ಕೊಂಡಾರು.”

ತಾತ ಬಾವಿಯೊಳಗೆ ಬಗ್ಗಿ ನೋಡಿದರು. “ರಸ್ತೆಗೆ ಬರತ್ತೆ ಮುನಿಯಪ್ಪ. ಮುಚ್ಚಿಬಿಡ್ತಾರೆ.”

“ನಮ್ಮಪ್ಪ ತೋಡಿದ್ದು,” ಎಂದರು ಮುನಿಯಪ್ಪ, ಅಷ್ಟೇ. ನನ್ನ ಕೈಯಲ್ಲಿ ನೀರು ತುಂಬಿ ಚೆಲ್ಲುತ್ತಿತ್ತು. ಅವರು ಹುಯ್ಯುತ್ತಲೇ ಇದ್ದರು. ಆಮೇಲೆ ಎಚ್ಚರವಾದವರಂತೆ, “ನೀವು ಕುಡಿಯಾಕಿಲ್ಲ ಅಲ್ವಾ ಸ್ವಾಮಿ?” ಎಂದರು.

ಮಡಿ ಎಂದು ಮನೆಯಾಚೆ ಎಲ್ಲೂ ತೊಟ್ಟು ನೀರು ಮುಟ್ಟದವರು ನಮ್ಮ ತಾತ. ಆ ಹೊತ್ತು ಕೋಟಿನ ತೋಳು ಮೇಲೆ ಸರಿಸಿ, ನನ್ನ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು ಬೊಗಸೆ ಒಡ್ಡಿದರು. ಉಳಿದಿಬ್ಬರು ತಾತಂದಿರು ಮುಖ ತಿರುಗಿಸಿಕೊಂಡರು. ಮುನಿಯಪ್ಪನವರ ಕೈ ಒಂದು ಗಳಿಗೆ ತಡೆಯಿತು. ಆಮೇಲೆ ನಿಧಾನವಾಗಿ ಹುಯ್ದರು. ಹೊರಡುವಾಗ ನಮ್ಮ ಟೋಪಿ, ಜೇಬು, ಲಂಗದ ಮಡಿಲಿಗೆಲ್ಲ ಅವರೆಕಾಯಿ ತುಂಬಿಸಿ ಕಳಿಸಿದರು.

ಹಿಂದಿರುಗುವಾಗ ತಾತ ಯಾವ ಗಿಡದ ಹೆಸರನ್ನೂ ಕೇಳಲಿಲ್ಲ. ಕೆರೆ ಏರಿಯ ಹತ್ತಿರ ಮಾತ್ರ ನನ್ನ ಕೈ ಹಿಡಿದುಕೊಂಡು, “ನಕ್ಷೆಯಲ್ಲಿ ಬಾವಿಗೆ ಒಂದು ಸಣ್ಣ ಸೊನ್ನೆ ಹಾಕ್ತೀವಿ ಪುಟ್ಟಿ,” ಎಂದರು. “ಆ ಸೊನ್ನೆ ಬರೆದೋನೂ ನಾನೇ. ಅದರ ಮೇಲೆ ರಸ್ತೆ ಗೆರೆ ಎಳೆದೋನೂ ನಾನೇ.” ನನಗೆ ಅರ್ಥವಾಗಲಿಲ್ಲ. ಬೈಯಲಿಲ್ಲವಲ್ಲ ಎಂಬ ಸಮಾಧಾನವೇ ದೊಡ್ಡದಾಗಿತ್ತು.

ಆಮೇಲೆ ಇನ್ನೆರಡು ಚಳಿಗಾಲ ಆ ಬಾವಿಗೇ ಹೋದೆವು. ಪ್ರತಿ ಸಲವೂ ಕೂಜಾ ಮನೆಯಲ್ಲೇ ಉಳಿಯುತ್ತಿತ್ತು. ತಾತ ಬೇಕೆಂದೇ ಮರೆಯುತ್ತಿದ್ದರು. ಅದರ ಮುಂದಿನ ವರ್ಷ ಹೊಲದಲ್ಲಿ ಗಡಿ ಕಲ್ಲುಗಳಿದ್ದವು, ಬಾವಿಯ ಜಾಗದಲ್ಲಿ ಹೊಸ ಮಣ್ಣಿತ್ತು. ತಾತ ಅದರ ಸುತ್ತ ಒಂದು ಬಾರಿ ನಡೆದು, “ಸಾಕು, ಹೋಗೋಣ” ಎಂದರು. ಅದೇ ಕೊನೆ. ಮತ್ತೆ ಯಾವ ಭಾನುವಾರವೂ ಅವರು ಆ ಕೋಟು ತೊಡಲಿಲ್ಲ. ಆ ಬೆನ್ನಿನ ಹಿಂದೆ ಇನ್ನೊಂದೇ ಒಂದು ಬೆಳಗ್ಗೆ, ಬದುವಿನ ಮೇಲೆ ನಡೆಯಲು ಸಿಕ್ಕಿದ್ದರೆ!

ಮದುವೆಯಾಗಿ ನಾನು ಬಂದು ಸೇರಿದ್ದು ಅದೇ ಬಡಾವಣೆಗೆ. ಬಾವಿ ಇದ್ದದ್ದು ಯಾವ ರಸ್ತೆಯ ಕೆಳಗೋ, ನನಗೆ ತಿಳಿಯದು. ಮೊದಲು ಇಲ್ಲೇನಿತ್ತು ಎಂದು ಯಾರು ಕೇಳಿದರೂ ‘ಏನೂ ಇರಲಿಲ್ಲ, ಬರೀ ಬಯಲು’ ಎಂದೇ ಇಷ್ಟು ವರ್ಷ ಹೇಳಿಕೊಂಡು ಬಂದೆ. ಇವತ್ತು ಎದುರು ಕೂತು ಕಾಯಿ ಬಿಡಿಸುತ್ತಿರುವ ಮೊಮ್ಮಗಳು ಅದನ್ನೇ ಕೇಳಿದಾಗ ಆ ಮಾತು ಬಾಯಿಗೆ ಬರಲಿಲ್ಲ. “ಮುನಿಯಪ್ಪ ಅನ್ನೋರ ಹೊಲ ಇತ್ತು ಕಣೇ,” ಎಂದು ಶುರುಮಾಡಿ ಎಲ್ಲ ಹೇಳಿದೆ.

ಅವಳು ಕೇಳಿಸಿಕೊಂಡು, “ಆಮೇಲೆ ಅವ್ರು ಎಲ್ಲಿಗ್ ಹೋದ್ರು ಅಜ್ಜಿ?” ಎಂದಳು.

ಮೂರು ಚಳಿಗಾಲ ಆ ಬಾವಿಯ ಬಳಿ ಕೂತಿದ್ದೆ. ತಾತನನ್ನು ಕೇಳಬಹುದಿತ್ತು. ಮುನಿಯಪ್ಪನವರನ್ನೇ ಕೇಳಬಹುದಿತ್ತು. ನೀರು ಕುಡಿದೆ, ಮಡಿಲು ತುಂಬಿಸಿಕೊಂಡೆ, ಮನೆಗೆ ಬಂದೆ.

“ಗೊತ್ತಿಲ್ಲ ಪುಟ್ಟಿ,” ಎಂದೆ. “ನಾನು ಕೇಳಲೇ ಇಲ್ಲ.”